ಪಾಳುಬಿದ್ದ ಬಂದರು ಕೋಟೆಯನ್ನು ಓದುವುದು ಹೇಗೆ: ವಿಜಯಪುರದಲ್ಲಿ ಅಭ್ಯಾಸ, ಚಾಪೋರಾದಲ್ಲಿ ಅಳತೆ

ಗೋವಾದ ಚಾಪೋರಾ ಕೋಟೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಹೋಗುವವರು ಬಹಳ. ಚೋರ್ಲಾ ಘಟ್ಟ ಇಳಿದು ಮಾಪುಸಾ ಮುಟ್ಟಿದರೆ ಅಲ್ಲಿಂದ ಸುಮಾರು 10 ಕಿಲೋಮೀಟರು. ಹೊತ್ತು ಮುಳುಗುವ ಮುಂಚೆ ಗುಡ್ಡ ಹತ್ತಿ, ಗೋಡೆಯ ಮೇಲೆ ಕೂತು, ವಾಗಾತೋರ್ ಕಡಲು ನೋಡಿ, ನಾಲ್ಕು ಫೋಟೋ ತೆಗೆದು ಇಳಿಯುತ್ತಾರೆ. ಒಳಗೆ ನೋಡಲು ಏನೂ ಇಲ್ಲ ಎನ್ನುತ್ತಾರೆ. ಅರಮನೆ ಇಲ್ಲ, ಶಿಲ್ಪ ಇಲ್ಲ, ಚಾವಣಿ ಉಳಿದ ಒಂದು ಕೋಣೆಯೂ ಸಿಗುವುದು ಕಷ್ಟ ಎಂಬುದು ನಿಜ. ಆದರೆ ಅದನ್ನು ಮೊದಲು ಕಟ್ಟಿಸಿದ್ದು ನಮ್ಮ ಆದಿಲ್‌ಶಾಹಿ ಆಡಳಿತ. ಹೆಸರೇ ಸಾಕ್ಷಿ. ಬೆಳಗಾವಿಯಲ್ಲೊಂದು ಶಹಾಪುರ, ವಿಜಯಪುರದ ಗೋಡೆಯಲ್ಲೊಂದು ಶಹಾಪುರ ದರವಾಜೆ ಇರುವ ಹಾಗೆ ಅಲ್ಲೂ ಒಂದು ಶಹಾಪುರ ಇತ್ತು. ಅದು ಬಾಯಿಂದ ಬಾಯಿಗೆ ಸವೆದು ಚಾಪೋರಾ ಆಯಿತು.

ಅಂಥ ಕೋಟೆಯ ಇತಿಹಾಸವನ್ನು ಗೋಡೆ, ಕಿಂಡಿ, ನೀರಿನ ತೊಟ್ಟಿ ಅಳೆದು ಓದುವ ಕ್ರಮ ಇಲ್ಲಿದೆ. ಚಾಪೋರಾ ಉದಾಹರಣೆಗೆ ಮಾತ್ರ. ಅಗ್ವಾದಾ, ರೈಸ್ ಮಾಗೂಸ್, ತೆರೆಖೋಲ್, ಕಾರವಾರದ ಸದಾಶಿವಗಡ, ಯಾವುದಕ್ಕೂ ಇದೇ ಕ್ರಮ ನಡೆಯುತ್ತದೆ. ಒಂದು ಸಂಗತಿಯನ್ನು ಮಾತ್ರ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಬಯಲುಸೀಮೆಯ ಕೋಟೆಯ ಲೆಕ್ಕ ತಿಂಗಳುಗಳದು. ಔರಂಗಜೇಬನ ಸೈನ್ಯ ವಿಜಯಪುರಕ್ಕೆ ಮುತ್ತಿಗೆ ಹಾಕಿದ್ದು 1685ರಲ್ಲಿ, ಊರು ಕೈಗೆ ಬಂದದ್ದು 1686ರ ಸೆಪ್ಟೆಂಬರಿನಲ್ಲಿ. ಬಂದರು ಕೋಟೆಯ ಲೆಕ್ಕ ನಿಮಿಷಗಳದು. ಗಾಳಿ ತುಂಬಿದ ಹಡಗು ಅಳಿವೆಯ ಬಾಯಿ ದಾಟುವಷ್ಟರಲ್ಲಿ ಎಷ್ಟು ಗುಂಡು ಹಾರಿಸಬಹುದು ಎಂಬುದರ ಮೇಲೆ ಅದರ ಗೋಡೆ, ಕಿಂಡಿ, ಎತ್ತರ ಎಲ್ಲ ನಿಂತಿವೆ. ಈ ಭೇದ ತಿಳಿಯದೆ ಹೋದರೆ ಬಂದರು ಕೋಟೆ ಸಣ್ಣದಾಗಿ, ಬಡಕಲಾಗಿ ಕಾಣುತ್ತದೆ.

ಮೊದಲ ಅಭ್ಯಾಸ ಮನೆಯಂಗಳದಲ್ಲೇ

ಗೋವಾಕ್ಕೆ ಹೋಗುವ ಮುಂಚೆ ಒಂದು ಮುಂಜಾನೆ ವಿಜಯಪುರದ ಗೋಡೆಯ ಬದಿಯಲ್ಲಿ ಕಳೆಯಿರಿ. ಸುಮಾರು 10 ಕಿಲೋಮೀಟರು ಸುತ್ತಳತೆ, 96 ಬುರುಜು, ಹೊರಗೆ 40–50 ಅಡಿ ಅಗಲದ ಕಂದಕ ಇರುವ ಗೋಡೆ ಅದು. ರಕ್ಕಸಗಿ–ತಂಗಡಗಿ ಕಾಳಗದ (1565ರ ತಾಳಿಕೋಟೆ ಯುದ್ಧ) ಆಸುಪಾಸಿನ ವರ್ಷಗಳಲ್ಲಿ ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸಿದ್ದು. ಪೂರ್ತಿ ಸುತ್ತುವ ಅಗತ್ಯವಿಲ್ಲ. ಪಶ್ಚಿಮದ ಶೇರ್ಝಾ ಬುರುಜು, ಅಲ್ಲಿಂದ ಕಣ್ಣಳತೆಯಲ್ಲೇ ಇರುವ ಉಪ್ಪಲಿ ಬುರುಜು, ಇವೆರಡು ಸಾಕು.

ಶೇರ್ಝಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 14 ಅಡಿ ದಾಟಿದ ಉದ್ದ, ಸುಮಾರು 55 ಟನ್ ತೂಕ, ಗುಂಡು ತುಂಬುವ ಬಾಯಿ ಸುಮಾರು 70 ಸೆಂಟಿಮೀಟರು. ಅಲ್ಲಿ ಕಲಿಯಬೇಕಾದದ್ದು ಎರಡು. ತೋಪಿನ ಇಸವಿಯನ್ನು ಕೋಟೆಯ ಇಸವಿ ಎಂದು ತಿಳಿಯಬಾರದು ಎಂಬುದು ಒಂದು. ಈ ತೋಪನ್ನು ಎರಕ ಹೊಯ್ದದ್ದು ಅಹಮದನಗರದಲ್ಲಿ, 1549ರಲ್ಲಿ, ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಿ. ಅದು ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಪರಾಂಡಾ ಕೋಟೆಯಿಂದ. ಔರಂಗಜೇಬ ಊರು ಗೆದ್ದ ಮೇಲೆ ಅದೇ ತೋಪಿನ ಮೇಲೆ ತನ್ನ ಬರಹ ಕೆತ್ತಿಸಿದ. ಒಂದೇ ತೋಪು, ಮೂರು ಊರು, ಎರಡು ಶಾಸನ. ಕಡಲ ಕೋಟೆಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು, ಯಾಕೆಂದರೆ ಹಡಗಿನಿಂದ ಇಳಿಸಿದ ತೋಪು, ಗೆದ್ದು ತಂದ ತೋಪು, ತೀರಾ ಈಚೆಗೆ ಅಲಂಕಾರಕ್ಕೆಂದು ತಂದು ನಿಲ್ಲಿಸಿದ ತೋಪು ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ.

ಎರಡನೆಯದು ತೋಪನ್ನು ಕೂರಿಸಿದ ಬಗೆ. ದಖ್ಖನಿನ ಬುರುಜುಗಳಲ್ಲಿ ತೋಪು ನಡುವಿನ ಗೂಟದ ಮೇಲೆ ತಿರುಗುತ್ತಿತ್ತು. ಹಾರಿಸಿದಾಗ ಅದು ಹಿಂದಕ್ಕೆ ಜಗ್ಗುವ ಜೋರನ್ನು ಹಿಂಬದಿಯ ಅರೆದುಂಡು ಗೋಡೆ ತಡೆಯುತ್ತಿತ್ತು. ಹೀಗಾಗಿ ಬುರುಜಿನ ಮೇಲಿನ ಜಾಗ ದುಂಡಗೆ, ಒಂದು ಅಥವಾ ಎರಡು ತೋಪಿಗೆ ಮಾತ್ರ. ಪೋರ್ಚುಗೀಸರದು ಬೇರೆ ಪದ್ಧತಿ. ಗಾಲಿಯ ಬಂಡಿಯ ಮೇಲೆ ತೋಪು, ಹಾರಿಸಿದ ಕೂಡಲೇ ಬಂಡಿಯೇ ಹಿಂದಕ್ಕೆ ಓಡುತ್ತದೆ. ಅದಕ್ಕೆ ಕಿಂಡಿಯ ಹಿಂದೆ 5–6 ಮೀಟರಾದರೂ ಸಮತಟ್ಟಾದ ನೆಲ ಬೇಕು. ಪಾಳುಬಿದ್ದ ಕೋಟೆಯಲ್ಲಿ ತೋಪು ಉಳಿದಿರದಿದ್ದರೂ ಈ ನೆಲ ಉಳಿದಿರುತ್ತದೆ. ದುಂಡು ನೆಲ, ನಡುವೆ ಗೂಟದ ಕುಳಿ ಇದ್ದರೆ ದಖ್ಖನಿ ಕೈ. ಉದ್ದುದ್ದ ನೆಲ, ಸಾಲು ಕಿಂಡಿ ಇದ್ದರೆ ಪೋರ್ಚುಗೀಸ್ ಕೈ. ಎರಡೂ ಕೂಡಿದ್ದರೆ ಅಲ್ಲಿ ಕೈ ಬದಲಾಗಿದೆ, ಅಲ್ಲೇ ಹೆಚ್ಚು ಹೊತ್ತು ನಿಲ್ಲಿ.

ಉಪ್ಪಲಿ ಬುರುಜು 1584ರದು, ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ. ಹೊರಮೈಯಲ್ಲಿ ಸುತ್ತಿಕೊಂಡು ಹೋಗುವ ಮೆಟ್ಟಿಲು ಹತ್ತಿದರೆ ಮೇಲೆ 30 ಅಡಿ ದಾಟಿದ ಉದ್ದದ ತೋಪು. ಇದು ಊರಗೋಡೆಯ ಒಳಗೆ ನಿಂತ ಬುರುಜು. ಗೋಡೆಯ ತಲೆಯ ಮೇಲಿಂದ ದೂರದ ಬಯಲಿಗೆ ಗುಂಡು ಹಾರಿಸಲು ಈ ಎತ್ತರ. ಎತ್ತರ ಇಲ್ಲಿ ಲಾಭ. ಕಡಲ ದಂಡೆಯಲ್ಲಿ ಅದೇ ಎತ್ತರ ಹೇಗೆ ತೊಡಕಾಗುತ್ತದೆ ಎಂಬುದು ಮುಂದೆ ಬರುತ್ತದೆ, ಹಾಗಾಗಿ ಮೇಲೆ ನಿಂತು ಗೋಡೆಯ ಬುಡ ಎಲ್ಲಿಂದ ಕಾಣುವುದಿಲ್ಲ ಎಂಬುದನ್ನು ಗುರುತಿಟ್ಟುಕೊಳ್ಳಿ.

ವಿಜಯಪುರಕ್ಕೆ ಹೋಗಲು ಆಗದವರು ತಮ್ಮೂರಿನ ಹುಡೇವನ್ನೇ (ಊರ ಕಾವಲಿನ ಬುರುಜು) ಅಳೆಯಬಹುದು. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಅದು ಇನ್ನೂ ನಿಂತಿದೆ. ಬಂದೂಕಿನ ಕಿಂಡಿ ಹೇಗೆ ಒಳಗೆ ಅಗಲವಾಗಿ ಹೊರಗೆ ಕಿರಿದಾಗುತ್ತದೆ, ತೋಪಿನ ಕಿಂಡಿ ಹೇಗೆ ಅದಕ್ಕೆ ತಿರುವುಮುರುವಾಗಿ ಹೊರಗೆ ಬಾಯಿ ಬಿಡುತ್ತದೆ ಎಂಬ ಭೇದ ಕಣ್ಣಿಗೆ ಕೂತರೆ ಅರ್ಧ ಕೆಲಸ ಮುಗಿಯಿತು.

ಚೀಲದಲ್ಲಿ ಇರಬೇಕಾದದ್ದು

30 ಮೀಟರಿನ ಟೇಪು, 5 ಮೀಟರಿನ ಸಣ್ಣ ಟೇಪು, 1 ಮೀಟರಿನ ಕೋಲು (10 ಸೆಂಟಿಮೀಟರಿಗೊಂದು ಕಪ್ಪು–ಬಿಳಿ ಪಟ್ಟಿ ಬಳಿದದ್ದು), ತೂಕದ ಗುಂಡು ಕಟ್ಟಿದ 5 ಮೀಟರು ದಾರ, ದಿಕ್ಸೂಚಿ, ಚೌಕಳಿ ಹಾಳೆಯ ನೋಟ್‌ಬುಕ್, ಸೀಸದ ಕಡ್ಡಿ. ಪೆನ್ನು ಬೇಡ, ಕಡಲ ಗಾಳಿಯ ತೇವಕ್ಕೆ ಶಾಯಿ ಹರಡುತ್ತದೆ. ಗೌಂಡಿಗಳ ಹತ್ತಿರ ಸಿಗುವ ತೂಕದ ಗುಂಡೇ ಚೆನ್ನ. ಕೋಲು ಪ್ರತಿ ಫೋಟೋದಲ್ಲೂ ಇರಲಿ. ಅಳತೆಗೋಲಿಲ್ಲದ ಫೋಟೋದಿಂದ ಆಮೇಲೆ ಏನೂ ಎತ್ತಲಾಗುವುದಿಲ್ಲ.

ಫೋನಿನ ದಿಕ್ಸೂಚಿ ತೋಪಿನ ಹತ್ತಿರ ತಪ್ಪು ತೋರಿಸುತ್ತದೆ, ಕಬ್ಬಿಣ ಅದನ್ನು ಎಳೆಯುತ್ತದೆ. ಫೋನಿನ ಅಯಸ್ಕಾಂತದ ಕವರು, ಕಬ್ಬಿಣದ ಕಟಕಟೆ ಕೂಡ ಅದೇ ಕೆಲಸ ಮಾಡುತ್ತವೆ. 3–4 ಮೀಟರು ದೂರ ನಿಂತು ನೋಡಿ, ಬೇರೆ ಜಾಗದಿಂದ ಇನ್ನೊಮ್ಮೆ ನೋಡಿ, ಎರಡೂ ಕೂಡಿದರೆ ಮಾತ್ರ ಬರೆದುಕೊಳ್ಳಿ. ಫೋನು ತೋರಿಸುವ ಎತ್ತರವನ್ನಂತೂ ನಂಬಬೇಡಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯ ಎತ್ತರದ ಗೆರೆಗಳು ಅದಕ್ಕಿಂತ ಎಷ್ಟೋ ವಾಸಿ.

ಡ್ರೋನ್ ಹಾರಿಸಲು, ಮುಕ್ಕಾಲಿ ಸ್ಟ್ಯಾಂಡ್ ನಿಲ್ಲಿಸಲು ಸಂರಕ್ಷಿತ ಸ್ಮಾರಕಗಳಲ್ಲಿ ಪರವಾನಗಿ ಬೇಕು. ಶಾಸನದ ಅಕ್ಷರಕ್ಕೆ ಸುಣ್ಣದಕಡ್ಡಿ ಬಳಿಯುವುದು, ನೀರು ಸುರಿದು ಉಜ್ಜುವುದು, ಸಂದಿಯಲ್ಲಿ ಬೆಳೆದ ಅರಳಿ ಗಿಡವನ್ನು ಕಿತ್ತೆಳೆಯುವುದು ಬೇಡ. ಬೇರು ಕಿತ್ತರೆ ಅದರ ಜೊತೆಗೆ ಗೋಡೆಯ ಕಲ್ಲೂ ಬರುತ್ತದೆ. ಅಕ್ಷರ ಕಾಣಬೇಕಾದರೆ ಬೆಳಿಗ್ಗೆ ಅಥವಾ ಸಂಜೆ ಓರೆಬಿಸಿಲು ಬೀಳುವಾಗ ಹೋಗಿ. ಅಡ್ಡದಿಂದ ಟಾರ್ಚು ಹಿಡಿದರೂ ಸಾಕು.

ಇಸವಿಗಳನ್ನು ಕೂಡಿಸುವುದು

ಆದಿಲ್‌ಶಾಹಿ ಶಾಸನಗಳಲ್ಲಿ ಹಿಜರಿ ವರ್ಷ ಇರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ. ಮಲಿಕ್-ಎ-ಮೈದಾನಿನ 956ಕ್ಕೆ 927 + 622, ಅಂದರೆ 1549. ಔರಂಗಜೇಬನ 1097ಕ್ಕೆ 1064 + 622, ಅಂದರೆ 1686. ಹಿಜರಿ ವರ್ಷ ಎರಡು ಇಸವಿಗಳ ಮೇಲೆ ಚಾಚಿಕೊಳ್ಳುವುದರಿಂದ ಒಂದು ವರ್ಷ ಆಚೀಚೆ ಆಗುವುದು ಸಹಜ.

ಆದಿಲ್‌ಶಾಹಿ ಮತ್ತು ಮರಾಠಿ ಕಾಗದಪತ್ರಗಳಲ್ಲಿ ಇನ್ನೊಂದು ಎಣಿಕೆ ಬರುತ್ತದೆ, ಶುಹೂರ್ ಸನ್. ಬಹಳ ಮಂದಿ ಇದನ್ನು ಹಿಜರಿ ಎಂದೇ ತಿಳಿದು ಹತ್ತಾರು ವರ್ಷ ತಪ್ಪುತ್ತಾರೆ. ಇದು ಸೂರ್ಯನ ಲೆಕ್ಕದ ವರ್ಷ, 599 ಅಥವಾ 600 ಕೂಡಿಸಬೇಕು. ವರ್ಷ ಶುರುವಾಗುವುದು ಸೂರ್ಯ ಮೃಗಶಿರಕ್ಕೆ ಬಂದಾಗ, ನಮ್ಮ ರೈತರು ಮಿರಗ ಕೂಡಿತು ಎನ್ನುವ ಹೊತ್ತಿಗೆ. ಮಿರಗದಿಂದ ಡಿಸೆಂಬರ್ ಕೊನೆಯವರೆಗಿನ ತಾರೀಖಿಗೆ 599, ಅಲ್ಲಿಂದ ಮುಂದಿನ ಮಿರಗದವರೆಗೆ 600.

ಪೋರ್ಚುಗೀಸ್ ಕಡೆಯ ಕಾಗದಗಳಿಗೆ ಪಣಜಿಯಲ್ಲಿ ಗೋವಾ ಪತ್ರಾಗಾರವಿದೆ, 1595ರಲ್ಲಿ ಶುರುವಾದದ್ದು. ಆದಿಲ್‌ಶಾಹಿ ಕಡೆಗೆ ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ತಂದಿರುವ ಕನ್ನಡ ಅನುವಾದಗಳು, ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದ ಶಾಸನಗಳು, ಆಯುಧಗಳು ನೆರವಿಗೆ ಬರುತ್ತವೆ. ಒಂದೇ ಕಡೆಯ ಕಾಗದ ಓದಿ ಹೊರಟರೆ ಪ್ರತಿ ಸೋಲೂ ಅಲ್ಲಿ ಗೆಲುವಾಗಿ ಕಾಣುತ್ತದೆ.

ಚಾಪೋರಾದ ಹಿನ್ನೆಲೆ, ಘಟ್ಟದ ಮೇಲಿನಿಂದ ನೋಡಿದರೆ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಸವಿಗಳ ಒಂದು ಪಟ್ಟಿ ಬರೆದುಕೊಂಡು ಹೋಗಿ. ಘಟ್ಟದ ಮೇಲಿನಿಂದ ಶುರುಮಾಡುವುದು ಒಳ್ಳೆಯದು, ಯಾಕೆಂದರೆ ಆ ಬಂದರುಗಳ ಹಣೆಬರಹ ನಮ್ಮ ಕಡೆಯೇ ತೀರ್ಮಾನವಾಗುತ್ತಿತ್ತು. 1472ರಲ್ಲಿ ಬಹಮನಿ ವಜೀರ ಮಹಮೂದ್ ಗಾವಾನ್ ವಿಜಯನಗರದ ಕೈಯಿಂದ ಗೋವಾ ಬಂದರು ಕಿತ್ತುಕೊಂಡ. ಅದನ್ನು ಮರಳಿ ಪಡೆಯಲು ವಿಜಯನಗರದ ಪರವಾಗಿ ಕೈಹಾಕಿದವನು ಬೆಳಗಾವಿಯ ಅರಸ. ಅದರ ಫಲವಾಗಿ ಬೆಳಗಾವಿ ಕೋಟೆಗೇ ಮುತ್ತಿಗೆ ಬಿತ್ತು, ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿ ಹಾರಿಸಿದರು. ದಖ್ಖನಿನಲ್ಲಿ ಮದ್ದಿನ ಸುರಂಗ ಬಳಸಿದ್ದು ತಿಳಿದಿರುವ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಬಹಮನಿ ಒಡೆದ ಮೇಲೆ ಗೋವಾ ಯೂಸುಫ್ ಆದಿಲ್‌ಶಾಹನ ಪಾಲಿಗೆ ಬಂತು. ಅಲ್ಬುಕರ್ಕ್ 1510ರಲ್ಲಿ ಒಮ್ಮೆ ಗೆದ್ದು, ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಗೆದ್ದ. 1543ರಲ್ಲಿ ಒಂದನೆಯ ಇಬ್ರಾಹಿಂ ಆದಿಲ್‌ಶಾಹ ಬಾರ್ದೇಶ್ ಮತ್ತು ಸಾಷ್ಟಿ ಸೀಮೆಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಬಾರ್ದೇಶದ ಬಡಗಣ ಅಂಚು ಚಾಪೋರಾ ನದಿ. ಈ ಸಾಲಿನ ಕೆಳಗೆ ಗೆರೆ ಎಳೆದಿಡಿ, ಕೋಟೆಯ ಕೀಲಿಕೈ ಇದೇ. ನದಿಯ ಈಚೆ ದಂಡೆ ಪೋರ್ಚುಗೀಸರದು, ಆಚೆ ದಂಡೆ ಬೇರೆಯವರದು.

ಸಂಭಾಜಿಯ ಮರಾಠಾ ಸೈನ್ಯ 1684ರಲ್ಲಿ ಕೋಟೆ ಹಿಡಿಯಿತು. ಪೋರ್ಚುಗೀಸರು ಮರಳಿ ಪಡೆದು 1717ರಲ್ಲಿ ಹೊಸದಾಗಿ ಕಟ್ಟಿದರು. ಈಗ ಕಾಣುವ ಗೋಡೆ ಬಹುಮಟ್ಟಿಗೆ ಆ ಕಾಲದ್ದು. 1739ರಲ್ಲಿ ಸಾವಂತವಾಡಿಯ ಭೋಸಲೆಗಳು ಗೆದ್ದರು, 1741ರಲ್ಲಿ ಅದು ಪೋರ್ಚುಗೀಸರ ಕೈಗೆ ತಿರುಗಿ ಬಂತು. 1788ರಲ್ಲಿ ಆಚೆ ದಂಡೆಯ ಪೆಡ್ಣೆ ಸೀಮೆ ಗೋವಾಕ್ಕೆ ಸೇರಿತು, ಗಡಿ ಬಡಗಣಕ್ಕೆ ತೆರೆಖೋಲಿನವರೆಗೆ ಸರಿಯಿತು. 1892ರಲ್ಲಿ ಕೋಟೆಯನ್ನು ಬಿಟ್ಟುಬಿಟ್ಟರು.

ಮೊದಲು ಆಚೆ ದಂಡೆಗೆ ಹೋಗಿ

ಕೋಟೆಗೆ ನೇರ ಹತ್ತುವುದು ಬೇಡ. ಶಿವೋಲಿಯ ಸೇತುವೆ ದಾಟಿ ಮೊರ್ಜಿ ಕಡೆಗೆ ಹೋಗಿ, ಅಳಿವೆಯ ಆಚೆ ದಂಡೆಯಿಂದ ಗುಡ್ಡವನ್ನು ನೋಡಿ. ಹಡಗಿನವನಿಗೆ, ದಂಡೆತ್ತಿ ಬರುವವನಿಗೆ ಕೋಟೆ ಕಾಣುತ್ತಿದ್ದದ್ದು ಹಾಗೆ. ಒಂದು ಹಾಳೆಯಲ್ಲಿ ಅಳಿವೆ ಬರೆದು, ಆಳದ ಹಾದಿ ಯಾವ ದಂಡೆಗೆ ಹತ್ತಿರವಿದೆ ಎಂದು ಗುರುತಿಸಿ. ಮೀನುಗಾರರ ದೋಣಿಗಳು ಹೋಗಿಬರುವ ಹಾದಿಯನ್ನೇ ಅರ್ಧ ತಾಸು ನೋಡಿದರೆ ತಿಳಿಯುತ್ತದೆ, ಅವರು ಮರಳದಿಣ್ಣೆ ತಪ್ಪಿಸಿಕೊಂಡೇ ಹೋಗುತ್ತಾರೆ. ಉಬ್ಬರ–ಇಳಿತಗಳ ನಡುವೆ ಆ ದಂಡೆಯಲ್ಲಿ ನೀರು ಸುಮಾರು 2 ಮೀಟರು ಏರಿಳಿಯುತ್ತದೆ. ಇಳಿತದ ಹೊತ್ತಿಗೆ ಹೋದರೆ ದಿಣ್ಣೆಗಳು ತಾವಾಗಿ ತೋರುತ್ತವೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಈ ಪಾಠ ಸಿಗುವುದಿಲ್ಲ. ಮಳೆಗಾಲದಲ್ಲಿ ಜಂಬಿಟ್ಟಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿ ಕಾಲು ಜಾರುತ್ತದೆ, ಗೋಡೆಯ ಅಂಚಿಗೆ ಕಟಕಟೆಯ ಭರವಸೆಯೂ ಇಲ್ಲ. ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಮೇಲೆ ನೀರು ಸಿಗುವುದಿಲ್ಲ, ತಲೆಗೆ 2 ಲೀಟರಿನಂತೆ ಒಯ್ಯಿರಿ.

ಕಿಂಡಿ ಅಳೆಯುವುದು: ಇಡೀ ಕೆಲಸದ ತಿರುಳು

ತೋಪಿನ ಕಿಂಡಿ ಸಿಕ್ಕಿದಲ್ಲೆಲ್ಲ ನಾಲ್ಕು ಅಳತೆ ಬರೆದುಕೊಳ್ಳಿ: ಒಳಬಾಯಿಯ ಅಗಲ, ಹೊರಬಾಯಿಯ ಅಗಲ, ಒಳಗಿಂದ ಹೊರಗಿನವರೆಗೆ ಗೋಡೆಯ ದಪ್ಪ, ಕಿಂಡಿಯ ತಳ ನೆಲದಿಂದ ಎಷ್ಟು ಎತ್ತರ. ಜೊತೆಗೆ ಕಿಂಡಿಯ ನಡುಗೆರೆಯ ದಿಕ್ಕು. ಅಂಚಿನ ಕಲ್ಲು ಉದುರಿದ್ದರೆ ಉದುರಿದ ಜಾಗ ಅಳೆಯಬೇಡಿ. ಗಚ್ಚಿನ ಲೇಪ ಇನ್ನೂ ಹಿಡಿದಿರುವ ಜಾಗ ಹುಡುಕಿ ಅಲ್ಲಿಂದ ಅಳೆಯಿರಿ, ಇಲ್ಲದಿದ್ದರೆ ಕಿಂಡಿ ಇದ್ದದ್ದಕ್ಕಿಂತ ಅಗಲವಾಗಿ ಬರುತ್ತದೆ.

ಲೆಕ್ಕ ಸರಳ. ಹೊರಬಾಯಿಯ ಅಗಲದಿಂದ ಒಳಬಾಯಿಯ ಅಗಲ ಕಳೆದು ಗೋಡೆಯ ದಪ್ಪದಿಂದ ಭಾಗಿಸಿ. ಬಂದದ್ದನ್ನು ನೀರಿನವರೆಗಿನ ದೂರದಿಂದ ಗುಣಿಸಿದರೆ ಆ ಒಂದು ಕಿಂಡಿಯ ತೋಪು ಎಷ್ಟು ಅಗಲದ ನೀರನ್ನು ಕಾಯುತ್ತಿತ್ತು ಎಂಬುದು ಸಿಗುತ್ತದೆ. ಒಳಬಾಯಿ 60 ಸೆಂಟಿಮೀಟರು, ಹೊರಬಾಯಿ 180, ದಪ್ಪ 150 ಎಂದುಕೊಳ್ಳಿ. 120 ಭಾಗಿಸು 150, ಅಂದರೆ 0.8. ಹಡಗಿನ ಹಾದಿ 500 ಮೀಟರು ದೂರದಲ್ಲಿದ್ದರೆ 0.8 × 500, ಅಂದರೆ 400 ಮೀಟರು.

ಈಗ ಹಡಗನ್ನು ಓಡಿಸಿ. ಹದವಾದ ಗಾಳಿಯಲ್ಲಿ ಹಾಯಿ ಹಡಗು 4 ನಾಟ್ (ತಾಸಿಗೆ 4 ಕಡಲ ಮೈಲಿ) ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 2 ಮೀಟರು ಸರಿಯುತ್ತದೆ. 400 ಮೀಟರು ದಾಟಲು 200 ಸೆಕೆಂಡು, ಮೂರು ನಿಮಿಷದ ಮೇಲೆ ಸ್ವಲ್ಪ. ಬಾಯಿಯಿಂದ ಮದ್ದು ತುಂಬುವ ತೋಪನ್ನು ಪಳಗಿದ ತಂಡ ಎರಡು ನಿಮಿಷಕ್ಕೊಮ್ಮೆ ಹಾರಿಸಿತು ಎಂದು ಹಿಡಿದರೂ ಆ ಕಿಂಡಿಯಿಂದ ಎರಡೇ ಗುಂಡು. ಎರಡೂ ತಾಗಬೇಕೆಂದೇನಿಲ್ಲ. ಹೀಗಾಗಿ ಬಂದರು ಕೋಟೆಗೆ ಮಲಿಕ್-ಎ-ಮೈದಾನಿನಂಥ ಒಂದು ದೈತ್ಯ ತೋಪು ಕೆಲಸಕ್ಕೆ ಬರುವುದಿಲ್ಲ. ಅದು ಒಮ್ಮೆ ಬಾಯಿಬಿಟ್ಟು ಮತ್ತೆ ಸಿದ್ಧವಾಗುವಷ್ಟರಲ್ಲಿ ಹಡಗು ಬಂದರಿನ ಒಳಗಿರುತ್ತದೆ. ಬೇಕಾದದ್ದು ಒಂದೇ ಹಾದಿಯ ಮೇಲೆ ಕಣ್ಣಿಟ್ಟ ಹತ್ತಾರು ಮಧ್ಯಮ ತೋಪು. ಆಚೆ ದಂಡೆಯಲ್ಲೂ ಇನ್ನೊಂದು ಸಾಲಿದ್ದರೆ ಇನ್ನೂ ಗಟ್ಟಿ. ಮಾಂಡೋವಿಯ ಬಾಯಿಯಲ್ಲಿ ಅಗ್ವಾದಾ, ರೈಸ್ ಮಾಗೂಸ್ ಒಂದು ಬದಿಗೆ, ಕಾಬೋ, ಗಾಸ್ಪರ್ ದಿಯಾಸ್ ಇನ್ನೊಂದು ಬದಿಗೆ ಇದ್ದದ್ದು ಈ ಲೆಕ್ಕದಲ್ಲೇ.

ಎಲ್ಲ ಕಿಂಡಿಗಳ ದಿಕ್ಕನ್ನು ಒಂದೇ ನಕ್ಷೆಯ ಮೇಲೆ ಬೀಸಣಿಗೆಯ ಹಾಗೆ ಎಳೆಯಿರಿ. ಗೆರೆಗಳು ಎಲ್ಲಿ ದಟ್ಟವಾಗುತ್ತವೆಯೋ ಅಲ್ಲಿಂದ ಕಟ್ಟಿದವನು ಶತ್ರುವನ್ನು ಎದುರು ನೋಡುತ್ತಿದ್ದ. ಕಡಲ ಕಡೆಗೋ, ನದಿಯ ಆಚೆ ದಂಡೆಗೋ, ಬೆನ್ನಹಿಂದಿನ ನೆಲದ ಕಡೆಗೋ? ಚಾಪೋರಾದಲ್ಲಿ ಈ ಪ್ರಶ್ನೆ ಕೇಳಲೇಬೇಕು. ಅದು ಬಂದರಿನ ಕೋಟೆ ಎಂದು ಹೆಸರಾಗಿದ್ದರೂ 1684, 1739 ಎರಡು ಸಲವೂ ಅದನ್ನು ಕಸಿದವರು ನೆಲದ ಮೇಲಿನ ನೆರೆಯವರು. ನಮ್ಮ ಲೆಕ್ಕದಲ್ಲಿ ಅದು ಬಂದರು ಕಾಯುವ ಕೋಟೆಗಿಂತ ಹೆಚ್ಚಾಗಿ ಗಡಿಹೊಳೆ ಕಾಯುವ ಕೋಟೆ.

ತೋಪು ಉಳಿದಿದ್ದರೆ ಬಾಯಿಯ ಅಡ್ಡಳತೆಯಿಂದ ಗುಂಡಿನ ತೂಕ ತೆಗೆಯಬಹುದು. ಕಬ್ಬಿಣದ ಗುಂಡಿನ ಅಡ್ಡಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಅದರ ಘನ ತೆಗೆದು (14 ಇದ್ದರೆ 14 × 14 × 14), ಅದನ್ನು 3.77ರಿಂದ ಗುಣಿಸಿದರೆ ಗ್ರಾಮು. 14 ಸೆಂಟಿಮೀಟರಿನ ಗುಂಡು ಸುಮಾರು 10.3 ಕಿಲೋ. ಗುಂಡು ಯಾವಾಗಲೂ ಬಾಯಿಗಿಂತ ಸಣ್ಣದು, ಸಲೀಸಾಗಿ ಜಾರಬೇಕಲ್ಲ. ಬಾಯಿಯ ಅಳತೆಯಿಂದ ಇಪ್ಪತ್ತರಲ್ಲೊಂದು ಪಾಲು ಕಳೆದು ಲೆಕ್ಕ ಹಾಕಿ. ತುಕ್ಕು ತಿಂದ ಬಾಯಿ ಅಗಲವಾಗಿರುತ್ತದೆ, ಹಾಗಾಗಿ ಎರಡು ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯಿರಿ.

ಎತ್ತರ ಕೊಡುವುದೇನು, ಕಿತ್ತುಕೊಳ್ಳುವುದೇನು

ಉಪ್ಪಲಿ ಬುರುಜಿನ ಪಾಠ ಇಲ್ಲಿ ಬೇಕು. ಗುಡ್ಡದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ಕಣ್ಣಿಗೆ ಕಡಲು ಎಷ್ಟು ಕಿಲೋಮೀಟರು ಕಾಣುತ್ತದೆ ಎಂಬುದು ಸಿಗುತ್ತದೆ. 49 ಮೀಟರು ಎತ್ತರದಿಂದ 25 ಕಿಲೋಮೀಟರು. 4 ನಾಟ್ ವೇಗದ ಹಡಗಿಗೆ ಅಷ್ಟು ದೂರ ಬರಲು ಮೂರು ತಾಸಿಗೂ ಹೆಚ್ಚು. ಮೂರು ತಾಸಿನ ಮುನ್ಸೂಚನೆ, ಅದೇ ಗುಡ್ಡದ ಕೋಟೆಯ ನಿಜವಾದ ಆಯುಧ.

ತೋಪಿಗೆ ಮಾತ್ರ ಅದೇ ಎತ್ತರ ಅಡ್ಡಿ. ಬಾಯಿಯನ್ನು ಕೆಳಗೆ ಬಾಗಿಸುವುದಕ್ಕೆ ಒಂದು ಮಿತಿ ಇದೆ, ಬಾಗಿಸಿದಷ್ಟೂ ಬಂಡಿ ಎಗರುತ್ತದೆ. ತೋಪು 5 ಡಿಗ್ರಿ ಬಾಗುತ್ತದೆ ಎಂದು ಹಿಡಿದರೆ ಎತ್ತರದ 11.4 ಪಟ್ಟು ದೂರದೊಳಗಿನ ನೀರಿಗೆ ಗುಂಡು ಬೀಳುವುದಿಲ್ಲ. 50 ಮೀಟರು ಎತ್ತರಕ್ಕೆ ಅದು 570 ಮೀಟರು. ಆ ಕಾಲದ ತೋಪು ಓಡುವ ಹಡಗಿಗೆ ಗುರಿಯಿಟ್ಟು ಹೊಡೆಯಬಲ್ಲ ದೂರವೂ ಅರ್ಧದಿಂದ ಮುಕ್ಕಾಲು ಕಿಲೋಮೀಟರು ಮಾತ್ರ. ಅಂದರೆ ಗುಡ್ಡದ ಬುಡಕ್ಕೆ ಅಂಟಿಕೊಂಡು ನುಸುಳುವ ದೋಣಿ ಬಹುಮಟ್ಟಿಗೆ ಕ್ಷೇಮ. ಕಿಂಡಿಯ ತಳವನ್ನು ಹೊರಕ್ಕೆ ಇಳಿಜಾರಾಗಿ ಕಡಿದಿದ್ದಾರೆಯೇ ನೋಡಿ. ಕಡಿದಿದ್ದರೆ ಕಟ್ಟಿದವನಿಗೆ ಈ ತೊಡಕು ಗೊತ್ತಿತ್ತು. ಅಗ್ವಾದಾದಲ್ಲಿ, 1612ರಲ್ಲಿ ಡಚ್ಚರ ಭಯಕ್ಕೆ ಕಟ್ಟಿದಾಗ, ಮೇಲೊಂದು ಕೋಟೆ, ಕೆಳಗೆ ನೀರಿನ ಮಟ್ಟಕ್ಕೆ ಇನ್ನೊಂದು ಸಾಲು ಇಟ್ಟು ಇದನ್ನು ಬಗೆಹರಿಸಿದರು. ಆ ಡಚ್ಚರಿಗೆ 1637ರಲ್ಲಿ ವೆಂಗುರ್ಲಾದಲ್ಲಿ ವಖಾರಿ ತೆರೆಯಲು ಜಾಗ ಸಿಕ್ಕಿದ್ದು ಆದಿಲ್‌ಶಾಹನ ಸೀಮೆಯಲ್ಲೇ.

ಗೋಡೆ, ನೀರು

ಗೋಡೆಯ ಎತ್ತರಕ್ಕೆ ನೆರಳಿನ ಲೆಕ್ಕ ಸಾಕು. 1 ಮೀಟರಿನ ಕೋಲಿನ ನೆರಳು 80 ಸೆಂಟಿಮೀಟರು, ಅದೇ ಗಳಿಗೆಯಲ್ಲಿ ಗೋಡೆಯ ನೆರಳು 6.4 ಮೀಟರು ಇದ್ದರೆ ಗೋಡೆ 8 ಮೀಟರು. ನೆಲ ಸಮವಾಗಿರುವ ಕಡೆ ಮಾತ್ರ ಇದು ನಡೆಯುತ್ತದೆ. ಗೋಡೆ ಎಷ್ಟು ಒಳಕ್ಕೆ ವಾಲಿದೆ ಎಂಬುದಕ್ಕೆ ತೂಕದ ದಾರವನ್ನು ಮೇಲಿಂದ ಕೋಲಿನ ತುದಿಗೆ ಕಟ್ಟಿ, ಗೋಡೆಗೆ ತಾಗದಂತೆ ಹೊರಕ್ಕೆ ಚಾಚಿ ಇಳಿಬಿಟ್ಟು, ದಾರಕ್ಕೂ ಗೋಡೆಗೂ ನಡುವಿನ ಅಂತರವನ್ನು ಮೇಲೂ ಕೆಳಗೂ ಅಳೆದು, ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. ಕಡಲ ಬದಿ, ನದಿ ಬದಿ, ನೆಲದ ಬದಿ, ಮೂರೂ ಕಡೆ ದಪ್ಪ ಅಳೆದು ಹೋಲಿಸಿ. ದಪ್ಪ ಎಲ್ಲಿ ಹೆಚ್ಚೋ ದೊಡ್ಡ ತೋಪಿನ ಭಯ ಅಲ್ಲಿಂದ ಇತ್ತು.

ವಿಜಯಪುರದ್ದು ಕರಿಕಲ್ಲು. ಚಾಪೋರಾದ್ದು ಕೆಂಪು ಜಂಬಿಟ್ಟಿಗೆ ಕಲ್ಲು, ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. ಮೈತುಂಬ ರಂಧ್ರ ಇರುವುದರಿಂದ ಅದಕ್ಕೆ ಗಚ್ಚಿನ ಲೇಪ ಬೇಕೇ ಬೇಕು. ಲೇಪ ಹೋದಲ್ಲಿ ಉಪ್ಪುಗಾಳಿ ಒಳಗಿಳಿದು ಕಲ್ಲು ಪುಡಿಯಾಗುತ್ತದೆ. ಬರಿಗಲ್ಲಿನ ಗೋಡೆ ನೋಡಿ ಇದು ಮೊದಲಿನಿಂದಲೂ ಹೀಗೇ ಇತ್ತು ಎಂದು ಬರೆಯಬೇಡಿ. ಸಂದಿಯಲ್ಲಿ ಬೂದು ಬಣ್ಣದ ಸಿಮೆಂಟು ಕಂಡರೆ ಅದು ಈಚಿನ ದುರಸ್ತಿ. ಸುಣ್ಣದ ಗಚ್ಚು ಬೆಳ್ಳಗೆ ಇರುತ್ತದೆ, ಹತ್ತಿರದಿಂದ ನೋಡಿದರೆ ಸುಣ್ಣದ ಸಣ್ಣ ಉಂಡೆಗಳೂ ಕೆಲವೊಮ್ಮೆ ಚಿಪ್ಪಿನ ಚೂರೂ ಕಾಣುತ್ತವೆ. ಗೋಡೆಯ ಒಂದೇ ಸಾಲಿನಲ್ಲಿ ಕಲ್ಲಿನ ಗಾತ್ರ ಒಮ್ಮೆಲೇ ಬದಲಾದರೆ, ಅಡ್ಡ ಸಂದಿಗಳು ಒಂದಕ್ಕೊಂದು ಕೂಡದಿದ್ದರೆ, ಅಲ್ಲಿ ಹಳೆಯದಕ್ಕೆ ಹೊಸದನ್ನು ಜೋಡಿಸಿದ್ದಾರೆ. ಆದಿಲ್‌ಶಾಹಿ ಬುಡ ಉಳಿದಿದ್ದರೆ ಅದು ಇಂಥ ಜಾಗದಲ್ಲೇ ಸಿಗಬೇಕು.

ನೀರಿನ ತೊಟ್ಟಿ ಸಿಕ್ಕಿದರೆ ಉದ್ದ, ಅಗಲ, ಆಳ ಮೂರೂ ಅಳೆದು ಗುಣಿಸಿ. ನೂರು ಮಂದಿಗೆ ದಿನಕ್ಕೆ ತಲೆಗೆ 5 ಲೀಟರಿನಂತೆ 120 ದಿನಕ್ಕೆ ಬೇಕಾದದ್ದು 60,000 ಲೀಟರು, ಅಂದರೆ 5 × 4 × 3 ಮೀಟರಿನ ತೊಟ್ಟಿ. ಕಾವಲು ಪಡೆ ಎಷ್ಟಿತ್ತು ಎಂಬ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಆಧಾರ ಕಡಿಮೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ, ಗೋವಾದಲ್ಲಿ ಸುಮಾರು 3,000. ಅದೇ 100 ಚದರ ಮೀಟರು ಅಂಗಳದ ಮೇಲೆ ನಮ್ಮಲ್ಲಿ 60,000 ಲೀಟರು ಬಿದ್ದರೆ ಅಲ್ಲಿ 3 ಲಕ್ಷ. ವಿಜಯಪುರದ ದೊಡ್ಡ ಬಾವಿ ತಾಜ್ ಬಾವಡಿಯಂಥದ್ದನ್ನು ತೋಡದೆ ಮಳೆನೀರಿನ ತೊಟ್ಟಿಯಲ್ಲೇ ಅವರು ನಿಭಾಯಿಸಿದ್ದಕ್ಕೆ ಕಾರಣ ಇದು. ಅಗ್ವಾದಾದ ತೊಟ್ಟಿಗೆ ಹೇಳುವ ಅಳತೆ 23,76,000 ಗ್ಯಾಲನ್. ಅದು ಕೋಟೆಯವರಿಗಷ್ಟೇ ಆದರೆ ತೀರಾ ಅತಿಯಾಯಿತು. ಲಂಗರು ಹಾಕಿದ ಹಡಗುಗಳಿಗೂ ಅಲ್ಲಿಂದಲೇ ಸಿಹಿನೀರು ಹೋಗುತ್ತಿತ್ತು, ಆ ಕೋಟೆಯ ಹೆಸರು ಹುಟ್ಟಿದ್ದೇ ಪೋರ್ಚುಗೀಸ್ ಭಾಷೆಯ ನೀರು ಎಂಬ ಮಾತಿನಿಂದ.

ಸುರಂಗ, ಉಡ, ಇತರ ಮಾತು

1717ರ ಕಟ್ಟಡದಲ್ಲಿ ಸಾಮಾನು ತರಲು, ಅಪಾಯದಲ್ಲಿ ಪಾರಾಗಲು ನೆಲದೊಳಗಿನ ಹಾದಿಗಳಿದ್ದವು. ಅವುಗಳ ಬಾಯಿ ಈಗಲೂ ಕಾಣುತ್ತದೆ. ಆದರೆ ಕಂಡ ಪ್ರತಿ ತೂತೂ ಸುರಂಗವಲ್ಲ. ಒಬ್ಬ ಮನುಷ್ಯ ಬಾಗಿ ನಡೆಯಲಾಗದಷ್ಟು ಸಣ್ಣದಿದ್ದು, ತಳ ಒಂದೇ ಕಡೆಗೆ ಇಳಿಜಾರಾಗಿದ್ದರೆ ಅದು ಮಳೆನೀರಿನ ಬಚ್ಚಲು. ಒಳಗೆ ಇಳಿಯಬೇಡಿ, ಕುಸಿತ ಮತ್ತು ಕೆಟ್ಟಗಾಳಿ ಎರಡೂ ಪ್ರಾಣಕ್ಕೆ ಅಪಾಯ.

ಮರಾಠರು ಉಡಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತಿದರು ಎಂಬ ಕಥೆ ಇಲ್ಲೂ ಕೇಳಿಬರುತ್ತದೆ, ಸಿಂಹಗಡದಲ್ಲೂ ಕೇಳಿಬರುತ್ತದೆ. ಒಂದೇ ಕಥೆ ಎರಡು ಕೋಟೆಗಳಲ್ಲಿ ಸಿಕ್ಕರೆ ಕಥೆ ಎಂದೇ ಬೇರೆ ಪುಟದಲ್ಲಿ ಬರೆದಿಡಿ. ಅಳತೆಯ ಜೊತೆ ಬೆರೆಸಬೇಡಿ, ಬಿಸಾಕಲೂ ಬೇಡಿ. ಗೋಡೆ ಹತ್ತುವುದು ಎಲ್ಲಿ ಸುಲಭ ಎಂದು ಜನ ನಂಬಿದ್ದರು ಎಂಬುದನ್ನು ಅದು ತಿಳಿಸುತ್ತದೆ.

ಬಿಟ್ಟುಹೋದ ಬಗೆ

ಕೋಟೆ ಕೆಡುವುದು ಎರಡು ಬಗೆ. ಹೊಡೆತಕ್ಕೆ ಬಿದ್ದ ಗೋಡೆಯಲ್ಲಿ ಗುಂಡು ತಾಗಿದ ಕುಳಿ, ಒಂದೇ ಕಡೆಗೆ ಕುಸಿದ ರಾಶಿ, ಅವಸರದ ದುರಸ್ತಿ ಕಾಣುತ್ತದೆ. ಬಿಟ್ಟುಹೋದ ಕೋಟೆಯಲ್ಲಿ ಮೊದಲು ಮಾಯವಾಗುವುದು ಮರ, ಹೆಂಚು, ಬಾಗಿಲಿನ ಕಬ್ಬಿಣ. ಆಮೇಲೆ ನೀಟಾಗಿ ಕಡಿದ ಮೂಲೆಗಲ್ಲು, ಕಮಾನಿನ ಕಲ್ಲು. ಹೊರಗೋಡೆ ಮಾತ್ರ ನಿಂತೇ ಇರುತ್ತದೆ. ಚಾಪೋರಾದಲ್ಲಿ ಹೊರಗೋಡೆ ಉಳಿದು, ಒಳಗಿನ ಸೈನಿಕರ ವಸತಿಯ ಪಾಯ ಮಾತ್ರ ಉಳಿದು, ಇಗರ್ಜಿ ಗುರುತೂ ಸಿಗದಂತೆ ಹೋಗಿರುವುದು ಎರಡನೆಯ ಬಗೆ. ಗಡಿ ತೆರೆಖೋಲಿಗೆ ಸರಿದ ದಿನದಿಂದ ಅದಕ್ಕೆ ಕಾಯುವ ಕೆಲಸ ಉಳಿದಿರಲಿಲ್ಲ. 19ನೆಯ ಶತಮಾನದ ನಡುವಿನಿಂದ ಆವಿಯ ಹಡಗು, ಒಳಗೆ ಸುರುಳಿ ಗೆರೆ ಕೊರೆದ ದೂರದ ತೋಪು ಬಂದ ಮೇಲೆ ನಿಮಿಷಗಳ ಆ ಹಳೆಯ ಲೆಕ್ಕವೂ ಮುರಿಯಿತು. ಅದನ್ನು ಬಿಟ್ಟುಬಿಟ್ಟ 1892ರಲ್ಲೇ ಇತ್ತ ವಿಜಯಪುರದಲ್ಲಿ ವಸ್ತುಸಂಗ್ರಹಾಲಯ ಶುರುವಾಯಿತು.

ಮರಗಳನ್ನು ಕೂರಿಸಿದ್ದ ಚೌಕ ತೂತುಗಳು ಒಳಗೋಡೆಯಲ್ಲಿ ಎಲ್ಲಿವೆ, ನೆಲದಿಂದ ಎಷ್ಟು ಎತ್ತರದಲ್ಲಿವೆ, ಒಂದರಿಂದೊಂದು ಎಷ್ಟು ದೂರ ಎಂದು ಕೊನೆಗೆ ಬರೆದುಕೊಳ್ಳಿ. ತೂತಿನ ಸಾಲು ಸಿಕ್ಕಿದರೆ ಹೋದ ಚಾವಣಿ ಸಿಕ್ಕಿತು, ಅದರ ಕೆಳಗೆ ಪಾಯದ ಗೆರೆ ಸಿಕ್ಕಿದರೆ ಕೋಣೆಯ ಅಳತೆ ಸಿಕ್ಕಿತು. ಊರಿಗೆ ಮರಳಿದ ಎರಡು ಮೂರು ದಿನದೊಳಗೆ, ನೆನಪು ಹಸಿಯಿರುವಾಗಲೇ, ಇಡೀ ನಕ್ಷೆಯನ್ನು 1:500 ಅಳತೆಯಲ್ಲಿ, ಅಂದರೆ 1 ಸೆಂಟಿಮೀಟರಿಗೆ 5 ಮೀಟರಿನಂತೆ, ಚೌಕಳಿ ಹಾಳೆಗೆ ಇಳಿಸಿ. ಅಳತೆ ಕೂಡದ ಮೂಲೆಯನ್ನು ಒತ್ತಾಯದಿಂದ ಕೂಡಿಸದೆ ತೆರೆದಿಟ್ಟು, ಮುಂದಿನ ಸಲ ಯಾವ ಎರಡು ಬುರುಜುಗಳ ನಡುವೆ ಮತ್ತೆ ಟೇಪು ಹಿಡಿಯಬೇಕು ಎಂದು ಪಕ್ಕದಲ್ಲಿ ಬರೆದಿಡಿ.